ಏಡಿಗಳು ನೀರು ಬಿಟ್ಟು ಏರಿ ಹತ್ತಿದ ವರ್ಷ

ರೋಗಿಯ ಹೆಸರು ಕೇಳುವ ಮೊದಲು ಅವನ ಉಸಿರು ನೋಡಬೇಕು. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಕಲಿಯಲು ಸೇರಿದಾಗ ವಾರ್ಡಿನ ಹಿರಿಯ ಸಿಸ್ಟರ್ ನಮಗೆ ಮೊದಲ ದಿನವೇ ಹೇಳಿಕೊಟ್ಟ ಪಾಠ ಇದು. ನಾಡಿ ಆಮೇಲೆ, ಜ್ವರ ಆಮೇಲೆ, ಮನೆಯವರ ಅಳು ಎಲ್ಲಕ್ಕಿಂತ ಆಮೇಲೆ. ಅಲ್ಲಿ ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು. ಹಾಸಿಗೆಯ ಬಟ್ಟೆಯ ಮೂಲೆ ಮಡಿಸುವುದಕ್ಕೂ ಒಂದೇ ಒಂದು ರೀತಿ ಇತ್ತು. ನನ್ನ ಜೊತೆ ಸೇರಿದ ಹುಡುಗಿಯರಲ್ಲಿ ಕೆಲವರು ಅತ್ತುಕೊಂಡು ಊರಿಗೆ ಹೋದರು. ನನಗೆ ಆ ಶಿಸ್ತು ಹಿಡಿಸಿತು. ಯಾವ ಕೆಲಸ ಯಾವುದರ ಹಿಂದೆ ಬರಬೇಕು ಎಂದು ಗೊತ್ತಿದ್ದರೆ ಮನಸ್ಸು ಹಗುರವಾಗಿರುತ್ತದೆ. ಈ ವಯಸ್ಸಿನಲ್ಲೂ ನಾನು ಹಾಗೆಯೇ ಬದುಕುತ್ತಿದ್ದೇನೆ.

ಕಲಿಕೆ ಮುಗಿದ ಮೇಲೆ ನನ್ನನ್ನು ಮದ್ದೂರಿನ ಆಸ್ಪತ್ರೆಗೆ ಹಾಕಿದರು. ಯುದ್ಧ ನಡೆಯುತ್ತಿದ್ದ ಕಾಲ. ಅಕ್ಕಿಗೆ ರೇಷನ್, ಸೀಮೆಎಣ್ಣೆಗೆ ರೇಷನ್, ಬಸ್ಸುಗಳು ಪೆಟ್ರೋಲಿಲ್ಲದೆ ಹಿಂದುಗಡೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ರಜೆ ಸಿಕ್ಕಾಗಲೆಲ್ಲ ನಾನು ನಿಡಘಟ್ಟದ ಕಡೆ ಹೋಗುವ ಅಂಥ ಒಂದು ಬಸ್ಸು ಹತ್ತಿ, ಸೋಮನಹಳ್ಳಿಯಲ್ಲಿ ಇಳಿದು, ಗಾಡಿ ಜಾಡಿನಲ್ಲಿ ನಡೆದು ಅತ್ತೆಯ ಊರಿಗೆ ಹೋಗುತ್ತಿದ್ದೆ.

ಅತ್ತೆ ಎಂದರೆ ನನ್ನ ತಂದೆಯ ತಂಗಿ. ಹೆತ್ತವಳು ಹೋದ ಮೇಲೆ ನನ್ನನ್ನು ಸಾಕಿದವಳು. ಗಂಡ ಬೇಗ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ, ಭೂಮಿಯೂ ಇರಲಿಲ್ಲ. ಅವಳಿಗೆ ಇದ್ದದ್ದು ಊರ ಕೆಳಗಿನ ಒಂದು ಕಟ್ಟೆ. ಹಳ್ಳದ ನೀರಿಗೆ ಅಡ್ಡ ಮಣ್ಣಿನ ಏರಿ ಹಾಕಿ ಹಿಂದಿನವರು ಕಟ್ಟಿಕೊಂಡ ಸಣ್ಣ ಕೆರೆ ಅದು. ಕಟ್ಟೆ ಊರಿನದು; ಅದರ ಏಡಿ ಮಾತ್ರ ಅತ್ತೆಯದು. ಏರಿಯ ಮೇಲೆ ಬೆಳೆದ ಕಳೆ ಕೀಳುವುದು, ಹೆಗ್ಗಣದ ಬಿಲ ಮುಚ್ಚುವುದು, ಮಳೆಗಾಲದಲ್ಲಿ ತೂಬು ಕಾಯುವುದು, ಇಷ್ಟೂ ಅವಳ ಕೆಲಸ. ಅದಕ್ಕೆ ಬದಲಾಗಿ ವರ್ಷವಿಡೀ ಏಡಿ ಹಿಡಿದು ಮಾರುವ ಹಕ್ಕು. ಮದ್ದೂರು, ಮಂಡ್ಯ, ಮಳವಳ್ಳಿ, ಮೂರೂ ಸಂತೆಗಳಲ್ಲಿ ಅವಳ ಬುಟ್ಟಿ ಗೊತ್ತಿತ್ತು. ನೆಗಡಿ, ಕೆಮ್ಮು, ಬಾಣಂತಿಯ ಸುಸ್ತು, ಯಾವುದಕ್ಕೂ ನಮ್ಮ ಕಡೆ ಏಡಿ ಸಾರೇ ಮದ್ದು. ಮೆಣಸು, ಬೆಳ್ಳುಳ್ಳಿ, ಹುರಿದ ಕೊತ್ತಂಬರಿ ಬೀಜ ಅರೆದು, ಕಾಲುಗಳನ್ನು ಒರಳಲ್ಲಿ ಕುಟ್ಟಿ ಸೋಸಿದ ರಸ ಹಾಕಿ ಕುದಿಸಿದ ಆ ಸಾರು ಮುದ್ದೆಯ ಜೊತೆ ಇಳಿಯುತ್ತಿದ್ದರೆ ಮೂಗು, ಕಣ್ಣು ಎಲ್ಲ ತೆರೆದುಕೊಳ್ಳುತ್ತವೆ. ಡಾಕ್ಟರಿಗೆ ಹೇಳಿ ನಾನೇ ಎಷ್ಟೋ ಬಾಣಂತಿಯರಿಗೆ ಕೊಡಿಸಿದ್ದೇನೆ.

ಬೇಸಿಗೆಯ ಕೊನೆಯಲ್ಲಿ, ನೀರು ಮೊಣಕಾಲಿಗಿಳಿದಾಗ, ಒಂದು ದಿನ ಇಡೀ ಊರು ಕಟ್ಟೆಗೆ ಇಳಿಯುತ್ತಿತ್ತು. ಮೀನು, ಏಡಿ, ಸೀಗಡಿ, ಸಿಕ್ಕಿದ್ದೆಲ್ಲ ಏರಿಯ ಮೇಲೆ ರಾಶಿ. ಅತ್ತೆ ಪಾಲು ಮಾಡಬೇಕು, ಮನೆಮನೆಗೂ ಒಂದೊಂದು ಗುಡ್ಡೆ. ಕಟ್ಟೆ ಉಣಿಸುವವರೆಗೆ ಕಟ್ಟೆ, ಉಣಿಸದಿದ್ದರೆ ಗದ್ದೆ ಎಂಬುದು ಊರಿನ ಹಳೆಯ ಮಾತು. ಅದು ನಿಜವಾಗಿ ಬೇಕಾಗುತ್ತದೆ ಎಂದು ಯಾರೂ ಎಣಿಸಿರಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಏಡಿಗಳು ಏರಿ ಹತ್ತಿದವು.

ನಾನು ಕಣ್ಣಾರೆ ನೋಡಿದೆ. ಬೆಳಗಿನ ಹೊತ್ತು. ಏಡಿ ಸಾಮಾನ್ಯವಾಗಿ ಹಗಲಲ್ಲಿ ಬಿಲ ಬಿಡುವ ಪ್ರಾಣಿಯಲ್ಲ, ಮನುಷ್ಯನ ನೆರಳು ಬಿದ್ದರೆ ಸಾಕು ಓಡುತ್ತದೆ. ಇವು ಓಡಲಿಲ್ಲ. ಏರಿಯ ಕಲ್ಲುಗಳ ಮೇಲೆ, ಹುಲ್ಲಿನಲ್ಲಿ, ಹೊಂಗೆ ಮರದ ಬೇರಿನಲ್ಲಿ ಸುಮ್ಮನೆ ಕೂತಿದ್ದವು. ಬಾಯಲ್ಲಿ ನೊರೆ. ಊರಿಗೆ ಊರೇ ಖುಷಿಪಟ್ಟಿತು, ಏಕೆಂದರೆ ಏಡಿ ನೀರು ಬಿಟ್ಟು ಏರಿ ಹತ್ತಿದರೆ ಮಳೆ ಹತ್ತಿರ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಿದ್ದರು. ಅಪ್ಪ ಅಜ್ಜಂದಿರು ಅದನ್ನು ನೋಡಿಯೇ ಬಿತ್ತಿದ್ದರು.

ಊರ ಪಟೇಲರು ಬಂದು ನೋಡಿ ಮೀಸೆ ಒರೆಸಿಕೊಂಡರು. ಎತ್ತರದ ಆಳು, ಮಾತು ಗಟ್ಟಿ, ಮನಸ್ಸು ಕೆಟ್ಟದ್ದಲ್ಲ.

"ಇನ್ನೇನ್ ಕಾಯ್ತೀರ್ಲಾ? ರಾಗಿ ಎಸೀರಿ. ಏಡಿಗಿಂತ ದೊಡ್ಡ ಪಂಚಾಂಗ ಇಲ್ಲ."

ಎಸೆದರು. ಒಣ ಮಣ್ಣಿಗೇ ಎಸೆದರು. ಮಳೆ ಬರಲಿಲ್ಲ. ಗುಬ್ಬಿಗಳು ಮೇಲಿಂದ ತಿಂದವು, ಇರುವೆಗಳು ಕೆಳಗಿಂದ ಹೊತ್ತವು. ಏರಿ ಹತ್ತಿದ ಏಡಿಗಳು ಒಂದೊಂದಾಗಿ ಅಲ್ಲೇ ಸತ್ತು ಕಾಗೆಗಳ ಪಾಲಾದವು. ಆಮೇಲೆ ಕಟ್ಟೆ ಇಳಿಯುವ ದಿನ ಬಂತು. ಗಂಡಸರು ಕೆಸರನ್ನು ಮಗುಚಿ ಮಗುಚಿ ಹುಡುಕಿದರು. ಒಂದಷ್ಟು ಕೊರವ ಮೀನು ಸಿಕ್ಕವು, ಅವು ಮೇಲೆ ಬಂದು ಗಾಳಿ ಕುಡಿದು ಬದುಕುವ ಜಾತಿ. ಏಡಿ ಇಲ್ಲ. ಸೀಗಡಿಯಂತೂ ಒಂದೂ ಇಲ್ಲ. ಏರಿಯ ಮೇಲೆ ಹಾಸಿದ ಗೋಣಿಚೀಲಗಳು ಹಾಗೇ ಬಿದ್ದಿದ್ದವು, ಅತ್ತೆ ಪಾಲು ಮಾಡಲು ಏನೂ ಇರಲಿಲ್ಲ.

ಪಟೇಲರು ಕಾಲು ತೊಳೆದುಕೊಂಡು ಹೇಳಿದರು. "ನೋಡವ್ವ, ನಾನು ನಿನ್ ಹೊಟ್ಟೆ ಮ್ಯಾಲೆ ಒಡೆಯೋನಲ್ಲ. ಆದ್ರೆ ಊರೋರ್ ಬಾಯಿ ಕಟ್ಟಕ್ಕಾಯ್ತದಾ? ಅಕ್ಕಿ ಸಿಗ್ದಿರೋ ಕಾಲ. ಇದ್ನ ಒಡುದ್ರೆ ಒಳ್ಳೆ ಗದ್ದೆ ಆಯ್ತದೆ. ಒಂದ್ ವರ್ಸ ಬುಡ್ತೀವಿ. ಮುಂದಿನ್ ಸಲ ಇಳಿದಾಗ್ಲೂ ಇಂಗೇ ಇದ್ರೆ ಏರಿ ಒಡೀತೀವಿ."

"ಆಯ್ತು ಗೌಡ್ರೆ" ಎಂದಳು ಅತ್ತೆ. ಮನೆಗೆ ಬಂದು ಬುಟ್ಟಿಯನ್ನು ಗೋಡೆಗೆ ನೇತು ಹಾಕಿ, ನನ್ನ ಕಡೆ ತಿರುಗದೆ ಕೇಳಿದಳು. "ಕೂಲಿಗೆ ಓದ್ರೆ ಯಾರಾರ ಕರೀತಾರೇನೆ, ಈ ವಯಸ್ಸಲ್ಲಿ?"

ನಾನು ಕಂಡದ್ದನ್ನೆಲ್ಲ ಮನಸ್ಸಿನಲ್ಲಿ ಸಾಲಾಗಿ ಜೋಡಿಸುತ್ತಿದ್ದೆ. ಮಳೆಗಾಗಿ ಏರಿ ಹತ್ತಿದ ಏಡಿ ಹೀಗೆ ಕೂತು ಸಾಯುವುದಿಲ್ಲ. ಬಾಯಲ್ಲಿ ನೊರೆ, ಮೈ ನಿತ್ರಾಣ, ನೀರೊಳಗೆ ಇರಲಾರದೆ ಗಾಳಿಗೆ ಬಂದು ಕೂರುವುದು. ವಾರ್ಡಿನಲ್ಲಿ ಇಂಥವರನ್ನು ನಾನು ನೋಡಿದ್ದೆ. ಉಬ್ಬಸದವರು ಮಲಗಲಾರದೆ ಎದ್ದು ಕಿಟಕಿಯ ಸರಳು ಹಿಡಿದು ಕೂರುತ್ತಿದ್ದರು. ಈ ಪ್ರಾಣಿಗಳು ಪಂಚಾಂಗ ಹೇಳುತ್ತಿರಲಿಲ್ಲ. ಅವಕ್ಕೆ ಉಸಿರು ಕಟ್ಟಿತ್ತು.

ಅತ್ತೆಗೆ ಹೇಳಿದೆ. ಅವಳು ಹಿತ್ತಲಲ್ಲಿ ಉಳಿದಿದ್ದ ಒಂದು ಸತ್ತ ಏಡಿಯ ಬೆನ್ನಿನ ಚಿಪ್ಪು ಎತ್ತಿ ತೋರಿಸಿದಳು. ಏಡಿ ತೊಳೆಯುವವರು ಚಿಪ್ಪಿನಡಿಯ ಕಿವಿರನ್ನು ಕಿತ್ತು ಎಸೆಯುತ್ತಾರೆ. ಒಳ್ಳೆಯ ಏಡಿಯಲ್ಲಿ ಅದು ಬಿಳಿ ಗರಿಯ ಹಾಗೆ, ಎಳೆ ಎಳೆಯಾಗಿ ಬಿಡಿಸಿಕೊಂಡಿರುತ್ತದೆ. ಇದರಲ್ಲಿ ಎಳೆಗಳೆಲ್ಲ ಲೋಳೆಯಲ್ಲಿ ಅಂಟಿಕೊಂಡು ಕಂದಿದ್ದವು.

"ಗಂಜೀಲಿ ಅದ್ದಿದ್ ಬಟ್ಟೆ ಅಂಗಾಗದೆ ನೋಡು" ಎಂದಳು. "ತಿಂಗ್ಳಿಂದ ಇಂಗೇ ಬತ್ತಿತ್ತು. ನಾನು ಬಿಸ್ಲಿಗೆ ಅಂದ್ಕಂಡೆ ಕಣೆ."

ಮರುದಿನ ಹಳ್ಳದ ಜಾಡು ಹಿಡಿದು ಮೇಲಕ್ಕೆ ನಡೆದೆವು. ಅತ್ತೆಯ ಕೈಯಲ್ಲಿ ಏಡಿಯನ್ನು ಬಿಲದಿಂದ ಎಳೆಯುವ ಕಬ್ಬಿಣದ ಕೊಕ್ಕೆ. ದಾರಿಯುದ್ದಕ್ಕೂ ಬಿಲಗಳನ್ನು ಕೆದಕುತ್ತ ಬಂದಳು. ಎಲ್ಲ ಖಾಲಿ. ಹೆದ್ದಾರಿಯ ಹತ್ತಿರ ಒಂದು ಕಡೆ ಹಳ್ಳಕ್ಕೆ ಇನ್ನೊಂದು ಸಣ್ಣ ಮೋರಿ ಸೇರುತ್ತಿತ್ತು. ಅದರಿಂದ ಮೇಲೆ, ಕೂಗಳತೆಯಲ್ಲಿ, ಬಿಲಗಳಲ್ಲಿ ಏಡಿ ಇದ್ದವು. ಓಡಾಡುತ್ತಿದ್ದವು, ಕೊಕ್ಕೆಯನ್ನು ಕಚ್ಚುತ್ತಿದ್ದವು. ಮೋರಿಯಿಂದ ಕೆಳಗೆ ಒಂದೂ ಇಲ್ಲ. ಮೋರಿಯ ನೀರು ತಿಳಿ, ಆದರೆ ಬಿಸಿಲಿಗೆ ಸ್ವಲ್ಪ ಹಸಿರು ನೀಲಿ ಬಣ್ಣ ಕಾಣುತ್ತಿತ್ತು. ಅಲ್ಲಿ ಮಧ್ಯಾಹ್ನದ ಬುತ್ತಿ ಬಿಚ್ಚುವಾಗ ಅತ್ತೆ ಕೊಕ್ಕೆಯನ್ನು ಮೋರಿಯ ಕೆಸರಿಗೆ ನೆಟ್ಟು, ಹೊರಡುವಾಗ ಮರೆತು ಬಂದಳು.

ಮೋರಿ ಎಲ್ಲಿಂದ ಬರುತ್ತಿತ್ತು ಎಂಬುದು ಕೇಳಬೇಕಾದ ವಿಷಯವಾಗಿರಲಿಲ್ಲ. ರಸ್ತೆ ಬದಿಯಲ್ಲಿ ಸಾಹೇಬರೊಬ್ಬರ ಕಲಾಯಿ ಕಾರ್ಖಾನೆ ಇತ್ತು. ಮೊದಲು ಅದು ಒಂದು ತಿದಿ, ಒಂದು ಕುಲುಮೆಯ ಅಂಗಡಿ. ಊರ ಹೆಂಗಸರ ತಾಮ್ರದ ಹಂಡೆಗೆ, ಹಿತ್ತಾಳೆ ಪಾತ್ರೆಗೆ ತವರ ಹಚ್ಚಿಕೊಡುತ್ತಿದ್ದರು. ಯುದ್ಧ ಬಂದ ಮೇಲೆ ಬೆಂಗಳೂರಿನ ದಂಡಿನಿಂದ ಸಿಪಾಯಿಗಳ ಅಡುಗೆಯ ದೊಡ್ಡ ತಾಮ್ರದ ಡೇಗೆಗಳು ಲಾರಿಗಟ್ಟಲೆ ಬರತೊಡಗಿದವು. ಹಳೆಯ ಕಲಾಯಿ ತೆಗೆದು ಹೊಸದು ಹಾಕಬೇಕು. ತೆಗೆಯಲು ತೇಜಾಬು, ಅಂದರೆ ಲೋಹ ಕರಗಿಸುವ ಆಮ್ಲ. ತೊಳೆದ ನೀರೆಲ್ಲ ಮೋರಿಗೆ, ಮೋರಿಯಿಂದ ಹಳ್ಳಕ್ಕೆ, ಹಳ್ಳದಿಂದ ನಮ್ಮ ಕಟ್ಟೆಗೆ.

ನೇರವಾಗಿ ಸಾಹೇಬರ ಹತ್ತಿರ ಹೋಗಿ ಜಗಳ ತೆಗೆಯಬಹುದಿತ್ತು. ಮೊದಲು ನೋಡು, ಆಮೇಲೆ ಹೇಳು ಎಂಬುದು ನನ್ನ ಕಲಿಕೆ. ಎರಡು ಬಿಳಿಯ ಎನಾಮಲ್ ಬೇಸನ್ನುಗಳನ್ನು ಮದ್ದೂರಿನ ನನ್ನ ಕೋಣೆಯಲ್ಲಿ ಜೋಡಿಸಿದೆ. ಒಂದಕ್ಕೆ ಮೋರಿಗಿಂತ ಮೇಲಿನ ಹಳ್ಳದ ನೀರು, ಇನ್ನೊಂದಕ್ಕೆ ಕೆಳಗಿನದು. ಶಿಂಷಾ ಹೊಳೆಯಲ್ಲಿ ಹಿಡಿದ ಗಟ್ಟಿಮುಟ್ಟಾದ ಏಡಿಗಳನ್ನು ಎರಡರಲ್ಲೂ ಬಿಟ್ಟೆ.

ಏಡಿಯ ಉಸಿರು ನೋಡುವುದು ಹೇಗೆ? ಎದೆ ಏರಿಳಿಯುವುದಿಲ್ಲ, ಮೂಗಿಲ್ಲ. ಸ್ವಲ್ಪ ಹೊತ್ತು ಕೂತು ನೋಡಿದ ಮೇಲೆ ಬಾಯಿಯ ಎರಡು ಪಕ್ಕದಲ್ಲೂ ನೀರು ಸಣ್ಣಗೆ ಅಲುಗುವುದು ಕಂಡಿತು. ಕಿವಿಗೆ ಮದ್ದು ಬಿಡುವ ಗಾಜಿನ ನಳಿಗೆಯಲ್ಲಿ ಅರಿಶಿನದ ನೀರು ತೆಗೆದುಕೊಂಡು ಅದರ ಕಾಲಿನ ಬುಡದಲ್ಲಿ ಮೆಲ್ಲಗೆ ಒಂದು ತೊಟ್ಟು ಬಿಟ್ಟೆ. ಹಳದಿ ಎಳೆ ಒಳಗೆ ಹೋಯಿತು. ಒಂದು ಗುಟುಕು ಹೊತ್ತಿನಲ್ಲಿ ಬಾಯಿಯ ಪಕ್ಕದಿಂದ ಎರಡು ಹಳದಿ ದಾರಗಳಾಗಿ ಚಿಮ್ಮಿ ಹೊರಗೆ ಬಂತು. ಕಾಲಿನ ಬುಡದಲ್ಲಿ ನೀರು ಎಳೆದುಕೊಂಡು, ಕಿವಿರಿನ ಮೇಲೆ ಹರಿಸಿ, ಬಾಯಿಯ ಹತ್ತಿರ ಬಿಡುತ್ತದೆ; ಅದೇ ಅದರ ಉಸಿರು. ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ. ವಾರ್ಡಿನಲ್ಲಿ ಮೊದಲ ಸಲ ಬಸುರಿಯ ಹೊಟ್ಟೆಗೆ ಕೊಳವೆ ಹಚ್ಚಿ ಮಗುವಿನ ಎದೆಬಡಿತ ಕೇಳಿದಾಗ ಆದದ್ದೂ ಇಷ್ಟೇ.

ಕೆಟ್ಟ ನೀರಿನ ಏಡಿ ಮೊದಮೊದಲು ಜೋರಾಗಿ ಉಸಿರಾಡಿತು, ಓಡಿ ಬಂದವರು ಏದುಸಿರು ಬಿಡುವ ಹಾಗೆ. ಸಂಜೆಯ ಹೊತ್ತಿಗೆ ಹಳದಿ ದಾರ ತೆಳುವಾಯಿತು. ಮರುದಿನ ಬೆಳಿಗ್ಗೆ ಅರಿಶಿನ ಒಳಗೆ ಹೋಗದೆ ಕಾಲಿನ ಬುಡದಲ್ಲೇ ನಿಂತಿತು. ಬಾಯಿಯಿಂದ ಬಂದದ್ದು ಲೋಳೆಯ ಎಳೆ. ಏಡಿ ಬೇಸನ್ನಿನ ಅಂಚು ಹತ್ತಿ ನೊರೆ ಬಿಡುತ್ತ ಕೂತಿತು. ನಮ್ಮ ಏರಿಯ ಮೇಲೆ ಏಡಿಗಳು ಕೂತಿದ್ದದ್ದೂ ಹೀಗೆಯೇ. ಅದನ್ನು ತೆಗೆದು ಒಳ್ಳೆಯ ನೀರಿಗೆ ಬಿಟ್ಟೆ. ದಿನ ಕಳೆದಂತೆ ಹಳದಿ ದಾರ ಮತ್ತೆ ಹೊರಟಿತು. ಅಂದರೆ ರೋಗ ವಾಸಿಯಾಗುವಂಥದ್ದು.

ಮುಂದಿನ ರಜೆಗೆ ಮುನ್ನಾದಿನ ಕೆಟ್ಟ ನೀರಿಗೆ ಇನ್ನೊಂದು ಏಡಿ ಬಿಟ್ಟು, ಬೆಳಿಗ್ಗೆ ಬೇಸನ್ನುಗಳನ್ನು ಏರಿಯ ಹೊಂಗೆ ಮರದಡಿಗೆ ಹೊತ್ತೆ. ಪಟೇಲರಿಗೆ ಹೇಳಿ ಕಳಿಸಿದೆ. ಅವರು ಬಂದರು, ಅವರ ಹಿಂದೆ ಅರ್ಧ ಊರು ಬಂತು.

"ಏನವ್ವ ನರ್ಸಮ್ಮ, ಮನುಸ್ರ ಎರಿಗೆ ಎಲ್ಲಾ ಮುಗೀತಾ? ಈಗ ಏಡಿ ಎರಿಗೇನಾ?"

"ಹೆರಿಗೆ ಆಮೇಲೆ ಗೌಡ್ರೆ. ಮೊದ್ಲು ಉಸಿರು ನೋಡಿ. ಬಗ್ಗಿ."

ಆ ದೊಡ್ಡ ಆಳು ಮೊಣಕಾಲೂರಿ ಬಗ್ಗಿದರು. ಒಳ್ಳೆಯ ನೀರಿನ ಏಡಿಗೆ ಅರಿಶಿನ ಬಿಟ್ಟೆ. ಎರಡು ಹಳದಿ ದಾರ ಚಿಮ್ಮಿದ ಕೂಡಲೇ ಹಿಂದೆ ನಿಂತವರೆಲ್ಲ ಅವರ ಭುಜದ ಮೇಲೆ ಬಿದ್ದರು.

"ಸರಿರ್ಲಾ ಅತ್ಲಾಗೆ, ನಂಗ್ ಕಾಣಕ್ ಬುಡಿ" ಎಂದು ಪಟೇಲರು ಮೊಣಕೈ ಬೀಸಿದರು. "ಇದು ಬೀಡಿ ಸೇದ್ದಂಗೆ ಬುಡ್ತದಲ್ಲವ್ವಾ."

ಕೆಟ್ಟ ನೀರಿನದನ್ನು ತೋರಿಸಿದೆ. ಅರಿಶಿನ ಅಲ್ಲೇ ನಿಂತಿತು. ನೀರು ಎಲ್ಲಿಯದು ಎಂದು ಹೇಳಿದೆ. ಪಟೇಲರು ಎದ್ದು ಪಂಚೆ ಕೊಡವಿಕೊಂಡರು. ಅವರಿಗೆ ಒಪ್ಪಿಗೆಯಾಗಲಿಲ್ಲ.

"ತಾಮ್ರ ತೊಳುದ್ ನೀರಾ? ನಾನು ದಿವ್ಸಾ ತಾಮ್ರದ್ ಚೆಂಬಲ್ಲಿ ನೀರಿಕ್ಕಿ ಬೆಳಗೆದ್ದು ಕುಡೀತೀನಿ. ನಮ್ಮಪ್ಪ ಕುಡಿದು ಮೊಮ್ಮಕ್ಕಳ ಕಂಡ. ತಾಮ್ರ ಅಮೃತ ಕಣವ್ವ. ಅದ್ಕೇ ಆ ಮೋರಿ ನೀರ್ ಬತ್ತದೆ ಅಂದಾಗ ನಾವ್ಯಾರೂ ಮಾತಾಡ್ನಿಲ್ಲ, ಒಳ್ಳೇದಾಯ್ತು ಅಂದ್ಕಂಡೊ."

ಊರಿಡೀ ಹಾಗೆಯೇ ಅಂದುಕೊಂಡಿತ್ತು ಎಂದು ನನಗೆ ಆಗ ತಿಳಿಯಿತು. ಮೋರಿಯ ನೀರನ್ನು ಕಂಡೂ ಯಾರೂ ಕೇಳದಿದ್ದುದಕ್ಕೆ ಕಾರಣ ಉದಾಸೀನವಲ್ಲ, ಚೆಂಬು.

"ಗೌಡ್ರೆ, ನೀವು ಆ ನೀರು ಕುಡೀತೀರಿ. ಉಸಿರಾಡಲ್ಲ" ಎಂದೆ. "ಕುಡಿದಿದ್ದು ಹೊಟ್ಟೆಗೆ ಹೋಯ್ತದೆ. ಏಡಿಗೆ ಈ ನೀರೇ ಗಾಳಿ. ಒಲೆ ಮುಂದೆ ಕೂತು ಮೈ ಕಾಯಿಸ್ಕೊಂಡ್ರೆ ಹಿತ. ಹೊಗೆಯೊಳಗೆ ಬಾಗಿಲು ಹಾಕ್ಕೊಂಡು ಕೂತ್ರೆ? ನಿಮ್ಮ ಚೆಂಬು ನೀರಿಗೆ ಬಿಡೋದು ಚಿಟಿಕೆ ತಾಮ್ರ. ಇಲ್ಲಿ ತೇಜಾಬು ತಾಮ್ರವನ್ನೇ ಕರಗಿಸಿ ಹರಿಸ್ತಾ ಇದೆ."

ಪಟೇಲರು ಗಡ್ಡ ಕೆರೆದರು. ಗುಂಪಿನಲ್ಲಿ ಯಾರೋ, "ಅಂಗಾರೆ ನಮ್ ರಾಗಿ ಓಗಿದ್ದು ಸಾಹೇಬನ್ ತಾವಿಂದ ಅಲ್ವೇನ್ಲಾ, ನಡೀರಿ ಕೇಳವ" ಎಂದ. ಇನ್ನೊಬ್ಬ ದೊಣ್ಣೆ ಎಂದ. ಅತ್ತೆ ಅವನ ಕಡೆ ತಿರುಗಿದಳು.

"ನಿನ್ ರಾಗಿ ತಿಂದದ್ದು ಗುಬ್ಬಿ. ಓಗಿ ಗುಬ್ಬೀಗ್ ಒಡಿ. ಏಡಿ ನಂದು, ನಾನ್ ಕೇಳ್ಕತೀನಿ."

ನಾವು ಇಬ್ಬರೇ ಹೋದೆವು. ದಾರಿಯಲ್ಲಿ ಅತ್ತೆ ಮೋರಿಯಲ್ಲಿ ನೆಟ್ಟು ಮರೆತ ಕೊಕ್ಕೆಯನ್ನು ಹುಡುಕಿ ಕಿತ್ತಳು. ಕೆಸರು ತೊಳೆದರೆ ಅದರ ತುದಿಯೆಲ್ಲ ಕೆಂಪಗಾಗಿತ್ತು. ತುಕ್ಕಿನ ಕೆಂಪಲ್ಲ, ಹೊಳೆಯುವ ಕೆಂಪು. ಏನೆಂದು ನಮಗಿಬ್ಬರಿಗೂ ತಿಳಿಯಲಿಲ್ಲ.

ಸಾಹೇಬರು ವಯಸ್ಸಾದವರು, ಬಿಳಿ ಗಡ್ಡ, ಅಂಗೈಯೆಲ್ಲ ಮಸಿ. ಮದ್ದೂರು ಆಸ್ಪತ್ರೆಯ ನರ್ಸೆಂದು ನನ್ನನ್ನು ಗುರುತು ಹಿಡಿದು ಸ್ಟೂಲು ಹಾಕಿಸಿದರು. ನಾನು ಕ್ರಮವಾಗಿ ಹೇಳಿದೆ: ಏಡಿ, ಕಿವಿರು, ಎರಡು ಬೇಸನ್ನು, ಕಟ್ಟೆಗೆ ಕೊಟ್ಟ ಒಂದು ವರ್ಷ. ಅವರು ಪೂರ್ತಿ ಕೇಳಿ ತಲೆಯಾಡಿಸಿದರು, ಹೌದೆಂದಲ್ಲ, ಇಲ್ಲವೆಂದು.

"ಅಮ್ಮಾ, ನಮ್ಮ ಅಬ್ಬಾಜಾನ್ ಕಾಲದಿಂದ ಪಾತ್ರೆ ತೊಳೀತಾ ಇದ್ದೀವಿ. ಪಾತ್ರೆ ತೊಳೆದ ನೀರಿಗೆ ಏಡಿ ಸತ್ತಿದ್ದು ನಾನು ಕೇಳಿಲ್ಲ. ದಂಡಿನ ಕೆಲಸ ನಿಲ್ಲಿಸಿದ್ರೆ ಇಷ್ಟು ಜನ ಎಲ್ಲಿಗೆ ಹೋಗ್ಬೇಕು ಹೇಳಿ."

"ನಿಲ್ಸಿ ಅಂತ ಯಾರಂದ್ರು ಸಾಬ್ರೆ?" ಎಂದಳು ಅತ್ತೆ. "ನೀರ್ ಬ್ಯಾರೆ ಕಡೆ ಬುಡಿ ಅಂದೊ."

"ಬೇರೆ ಕಡೆ ಯಾರ ಹೊಲಕ್ಕೆ ಬಿಡ್ಲಿ?"

ಮಾತು ಅಲ್ಲಿಗೇ ನಿಲ್ಲುವ ಹಾಗಿತ್ತು. ಅತ್ತೆ ಎದ್ದು, ಊರಿಕೊಂಡಿದ್ದ ಕೊಕ್ಕೆಯನ್ನು ಕೈಗೆತ್ತಿಕೊಂಡಳು. ಸಾಹೇಬರ ಕಣ್ಣು ಅದರ ಮೇಲೆ ಬಿತ್ತು.

"ಅದೇನು, ಇಲ್ಲಿ ಕೊಡಿ."

ಉಗುರಿನಿಂದ ಕೆರೆದರು. ಬೆಳಕಿಗೆ ಹಿಡಿದರು. ಕುಲುಮೆಯ ಹತ್ತಿರ ಹೋಗಿ ಅರದಿಂದ ಒಮ್ಮೆ ಉಜ್ಜಿದರು. "ಎಲ್ಲಿ ಇಟ್ಟಿದ್ರಿ ಇದನ್ನ?"

"ನಿಮ್ ಮೋರೀಲೇ. ಮರ್ತೋಗಿದ್ದೆ."

ಸಾಹೇಬರು ಗಟ್ಟಿಯಾಗಿ ನಕ್ಕರು, ತಿದಿ ಒತ್ತುತ್ತಿದ್ದವರೆಲ್ಲ ಕೈ ನಿಲ್ಲಿಸಿ ನೋಡಿದರು. "ಇದು ನನ್ನ ತಾಮ್ರ ಅಮ್ಮಾ! ತೇಪೆ ಹಾಕೋ ಒಂದು ತುಂಡು ತಾಮ್ರದ ತಗಡಿಗೆ ಬೆಂಗಳೂರಿಗೆ ಓಡಿ, ಪರ್ಮಿಟ್ಟಿಗೆ ಕೈ ಮುಗಿದು ನಿಲ್ತಾ ಇದ್ದೀನಿ. ಇಲ್ಲಿ ನನ್ನ ಮಾಲು ನಿಮ್ಮ ಏಡಿ ಕೊಕ್ಕೆ ಮೇಲೆ ಕೂತಿದೆ."

ತೇಜಾಬಿನಲ್ಲಿ ಕರಗಿದ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆಂದು ಅವರಿಗೆ ಗೊತ್ತಿತ್ತು. ತೊಟ್ಟಿಯೊಳಗೆ ಮೊಳೆ ಬಿದ್ದರೆ ಕೆಂಪಾಗುವುದನ್ನು ನೂರು ಸಲ ಕಂಡಿದ್ದರು. ಮೋರಿಗೆ ಹರಿದ ಮೇಲೂ ಕೂರುವಷ್ಟು ಹೋಗುತ್ತಿದೆ ಎಂದು ಮಾತ್ರ ಗೊತ್ತಿರಲಿಲ್ಲ. ನಾನು ಆಗ ಸುಣ್ಣದ ಮಾತು ಎತ್ತಿದೆ. ಆಮ್ಲ ಚೆಲ್ಲಿದರೆ ಸುಣ್ಣ ಹಾಕಿ ಅದರ ಉರಿ ಸಾಯಿಸಬೇಕೆಂದು ಆಸ್ಪತ್ರೆಯಲ್ಲಿ ಕಲಿಸಿದ್ದರು. ಅಲ್ಲೇ ಒಂದು ಮಡಕೆಯಲ್ಲಿ ತೊಳೆದ ನೀರಿಗೆ ಸುಣ್ಣದ ನೀರು ಸುರಿದು ನೋಡಿದೆವು. ನೀಲಿ ಕೆನೆಯಂಥ ಗಸಿ ಬೆರಳುದ್ದ ಇಳಿಯಿತು. ಮೇಲಿನ ನೀರಿನ ಬಣ್ಣ ಹೋಯಿತು.

ಮಾತು ಮುಗಿಯಿತು, ಗುದ್ದಲಿ ಶುರುವಾಯಿತು. ಕಾರ್ಖಾನೆಯ ಹಿಂದೆ ಕಲ್ಲು ಕಟ್ಟಿದ ಒಂದು ಗುಂಡಿ, ಅದರ ತುಂಬ ಮುರಿದ ಗಾಡಿ ಚಕ್ರದ ಪಟ್ಟಿಗಳು, ಹಳೆಯ ಲಾಳ, ಗುದ್ದಲಿ ಚೂರು. ತೊಳೆದ ನೀರು ಮೊದಲು ಅದರಲ್ಲಿ ನಿಂತು ತಾಮ್ರ ಬಿಡಬೇಕು. ಆಮೇಲೆ ಇನ್ನೊಂದು ಗುಂಡಿಯಲ್ಲಿ ಸುಣ್ಣ ಕುಡಿಯಬೇಕು. ಗಸಿ ಇಳಿದ ಮೇಲೆ, ತಿಳಿ ಮಾತ್ರ ಮೋರಿಗೆ. ನಾನು ಬೆಳಿಗ್ಗೆ ಇಷ್ಟು, ಸಂಜೆ ಇಷ್ಟು ಎಂದು ಪಾಳಿ ಹೇಳಿಕೊಟ್ಟೆ. ಸಾಹೇಬರು ಅದನ್ನು ನಮಾಜಿನ ಹಾಗೆ ತಪ್ಪಿಸಲಿಲ್ಲ. ಕೆಲವೇ ವಾರಗಳಲ್ಲಿ ಪಟ್ಟಿಗಳ ಮೇಲಿನ ಕೆಂಪು ಪುಡಿಯನ್ನು ಕೆರೆದು ಕರಗಿಸಿ, ಒಂದು ಸಣ್ಣ ಗಟ್ಟಿ ಮಾಡಿ ನನಗೆ ತೋರಿಸಲೆಂದು ಮದ್ದೂರಿಗೆ ಬಂದರು. ಆಸ್ಪತ್ರೆಯ ಜಗಲಿಯಲ್ಲಿ ಕೂತವರೆಲ್ಲ ಬಂಗಾರವೆಂದು ಕಣ್ಣರಳಿಸಿದರು.

ಆದರೆ ಮೊದಲ ದೊಡ್ಡ ಮಳೆಗೆ ಗುಂಡಿಗಳು ತುಂಬಿ ಹೊರಳಿದವು. ನೀಲಿ ಗಸಿ ಹಳ್ಳಕ್ಕೆ ಇಳಿಯಿತು. ನಾನು ಹೋದಾಗ ಮೇಲಿನಿಂದ ತೇಲಿ ಬಂದಿದ್ದ ಕೆಲವು ಏಡಿ ಮತ್ತೆ ಏರಿ ಹತ್ತಿ ಕೂತಿದ್ದವು.

"ಆಯ್ತಲ್ಲವ್ವ, ಈ ಸಲ ಮಳೆ ಬಂದ್ ಮ್ಯಾಲೆ ಅತ್ತವೆ. ಪಂಚಾಂಗ ಇಂದ್ಮುಂದಾಗದೆ" ಎಂದು ಪಟೇಲರು ನಗಿಸಲು ನೋಡಿದರು. ಅತ್ತೆ ನಗಲಿಲ್ಲ. ಸಾಹೇಬರ ಹತ್ತಿರ ಹೋಗಿ, ಗುಂಡಿಯ ಸುತ್ತ ಒಮ್ಮೆ ನಡೆದು ನೋಡಿ, ಜೀವಮಾನವಿಡೀ ಏರಿ ಕಾಯ್ದವಳ ಧ್ವನಿಯಲ್ಲಿ ಹೇಳಿದಳು. "ಸಾಬ್ರೆ, ನೀವು ಗುಂಡಿ ತೋಡಿದ್ದೀರಿ, ಏರಿ ಆಕಿಲ್ಲ. ಮ್ಯಾಗಡೆ ನೀರು ಸುತ್ತಿ ಓಗಕ್ಕೆ ಕಾಲ್ವೆ ಬೇಕು. ತಗ್ಗಿನ ಕಡೆ ಮಣ್ಣು ಏರ್ಸಿ, ಗರಿಕೆ ನೆಡಿ." ಸಾಹೇಬರ ಆಳುಗಳ ಜೊತೆ ತಾನೂ ಮಂಕರಿ ಹೊತ್ತಳು. ಮೇಲೆ ತಗಡಿನ ಸೂರೂ ಬಂತು. ಆಮೇಲಿನ ಮಳೆಗಳಿಗೆ ಅದು ಅಲುಗಲಿಲ್ಲ.

ಕಟ್ಟೆಗೆ ನೀರು ಬೀಳುವ ಬಾಯಿಯಲ್ಲಿ ಕೂತಿದ್ದ ಹೂಳನ್ನು ಊರವರು ಗದ್ದೆಗೆ ಗೊಬ್ಬರವೆಂದು ಒಯ್ಯಲು ಬಂದರು. ಬೇಡವೆಂದು ತಡೆದೆ. ಏಡಿಗೆ ಆದದ್ದು ಪೈರಿಗೆ ಏಕೆ? ಅದನ್ನು ಏನೂ ಬೆಳೆಯದ ಕಲ್ಲುಬಾಣೆಗೆ ಹೊತ್ತು ಹಾಕಿದೆವು. ಮಳೆಗಾಲ ಇಳಿಯುವ ಹೊತ್ತಿಗೆ ಬೇಸನ್ನಿನಲ್ಲಿ ಕಟ್ಟೆಯ ನೀರಿಟ್ಟು ಅರಿಶಿನ ಬಿಟ್ಟು ನೋಡಿದೆ. ಹಳದಿ ದಾರ ಬೆಳಿಗ್ಗೆಯೂ ಚಿಮ್ಮಿತು, ಸಂಜೆಯೂ ಚಿಮ್ಮಿತು, ಮಾರನೆಯ ವಾರವೂ ಚಿಮ್ಮಿತು. ಅಂದು ಅತ್ತೆ, ನಾನು, ಮದ್ದೂರಿನ ಹೊಳೆಗೆ ಇಳಿದೆವು. ಹೆಣ್ಣೇಡಿ ಹೊಟ್ಟೆಯಡಿಯ ಮಡಿಕೆಯಲ್ಲಿ ಮರಿಗಳನ್ನು ಇಟ್ಟುಕೊಂಡು ತಿರುಗುತ್ತದೆ. ಅಂಥವನ್ನು ಅತ್ತೆ ಯಾವತ್ತೂ ಹಿಡಿದವಳಲ್ಲ. ಅಂದು ಹಿಡಿದದ್ದು ಅವನ್ನೇ. ಒದ್ದೆ ಗೋಣಿಯಲ್ಲಿ ಬಾಳೆಲೆಯ ನಡುವೆ ಇಟ್ಟು ಗಾಡಿಯಲ್ಲಿ ತಂದೆವು. ದಾರಿಯುದ್ದಕ್ಕೂ ಅವಳು ಗೋಣಿಗೆ ನೀರು ಚಿಮುಕಿಸುತ್ತ ಬಂದಳು, ಬಾಣಂತಿಯನ್ನು ತವರಿಗೆ ಕರೆತರುವ ಹಾಗೆ. ಕಟ್ಟೆಯ ಅಂಚಿನಲ್ಲಿ ಬಿಟ್ಟಾಗ ಅವು ಒಂದು ಕ್ಷಣ ನಿಂತು, ಅಡ್ಡಡ್ಡ ನಡೆದು, ನೀರಿನೊಳಗೆ ಇಳಿದವು. ಒಂದೂ ತಿರುಗಿ ಮೇಲೆ ಬರಲಿಲ್ಲ.

ಬೇಸಿಗೆ ಬಂತು. ನೀರು ಮೊಣಕಾಲಿಗಿಳಿಯಿತು. ಏರಿಯನ್ನು ಎಲ್ಲಿ ಒಡೆಯಬೇಕೆಂದು ಮೊದಲೇ ಗುರುತು ಹಾಕಿ ಗೂಟ ನೆಟ್ಟಿದ್ದರು, ಗದ್ದೆ ಪಾಲಿಗೆ ಆಸೆಪಟ್ಟವರು ಇಲ್ಲದಿರಲಿಲ್ಲ. ಕಟ್ಟೆ ಇಳಿಯುವ ದಿನ ನಾನು ರಜೆ ಹಾಕಿ ಬಂದೆ. ಸಾಹೇಬರು ಒಂದು ಕೊಡೆ ಹಿಡಿದು ಏರಿಯ ಮೇಲೆ ನಿಂತಿದ್ದರು. ಅತ್ತೆ ಖಾಲಿ ಗೋಣಿಗಳನ್ನು ಸಾಲಾಗಿ ಹಾಸುತ್ತಿದ್ದಳು.

ಪಟೇಲರೇ ಮೊದಲು ಇಳಿದರು. ನ್ಯಾಯ ಹೇಳಿದವನೇ ನೋಡಬೇಕು ಎಂಬುದು ಅವರ ಲೆಕ್ಕ. ಪಂಚೆ ಎತ್ತಿ ಕಟ್ಟಿ, ಕಲ್ಲಿನ ಸಂದಿನ ಒಂದು ಬಿಲಕ್ಕೆ ಭುಜದವರೆಗೆ ಕೈ ಹಾಕಿದರು. ಹುಡುಕಿದರು. ಮುಖ ಇದ್ದಕ್ಕಿದ್ದಂತೆ ಗಂಟಿಕ್ಕಿತು.

"ಅಯ್ಯೋ ನಿನ್ ಅಟ್ಟಿ ಆಳಾಗ" ಎಂದು ಕೈ ಎಳೆದರು. ಬೆರಳಿಗೆ ಒಂದು ದೊಡ್ಡ ಕಪ್ಪೇಡಿ ನೇತಾಡುತ್ತಿತ್ತು. ಅದು ಬಿಡುತ್ತಿರಲಿಲ್ಲ. ಅವರೂ ಕೊಡವುತ್ತಿರಲಿಲ್ಲ, ಎಲ್ಲರಿಗೂ ಕಾಣಲೆಂದು ಕೈಯನ್ನು ಎತ್ತಿ ಹಿಡಿದು ನಿಂತಿದ್ದರು.

"ಗೌಡ್ರೆ, ಉಸಿರಾಡ್ತಾ ಅದಾ ನೋಡಿ" ಎಂದ ಒಬ್ಬ.

"ನನ್ ಉಸ್ರೇ ನಿಲ್ಲಿಸ್ತಾ ಅದೆ ಕಣ್ಲಾ, ಬಂದು ಬುಡಿಸು."

ಊರೆಲ್ಲ ನೀರಿಗೆ ಬಿತ್ತು. ಬುಟ್ಟಿ, ಕುಕ್ಕೆ, ಹಳೆ ಸೀರೆ, ಸಿಕ್ಕಿದ್ದರಲ್ಲಿ ಬಾಚಿದರು. ಹಳ್ಳದ ಮೇಲಿನಿಂದ ಇಳಿದು ಬಂದ ದೊಡ್ಡ ಏಡಿಗಳು, ನಾವು ತಂದ ತಾಯಂದಿರು, ಕಾಸಿನಗಲದ ಲೆಕ್ಕವಿಲ್ಲದ ಮರಿಗಳು. ಸೀಗಡಿಗಳು ಬುಟ್ಟಿಯಲ್ಲಿ ಭತ್ತ ಹುರಿದಂತೆ ಚಿಟಪಟ ಹಾರಿದವು. ಸೀಗಡಿ ಕಂಡಾಗ ನನಗೆ ಏಡಿ ಕಂಡದ್ದಕ್ಕಿಂತ ಹೆಚ್ಚು ಸಂತೋಷವಾಯಿತು. ಅದು ಏರಿ ಹತ್ತಿ ತಪ್ಪಿಸಿಕೊಳ್ಳಲಾರದ ಜೀವ. ಅದು ಇದೆ ಎಂದರೆ ನೀರು ನಿಜವಾಗಿ ವಾಸಿಯಾಗಿದೆ.

ಪಟೇಲರು ಬೆರಳಿಗೆ ಬಟ್ಟೆ ಸುತ್ತಿಕೊಂಡು ಏರಿ ಹತ್ತಿದರು. ನೆಟ್ಟಿದ್ದ ಗೂಟಗಳನ್ನು ತಾವೇ ಅಲುಗಿಸಿ ಕಿತ್ತು ಒಂದೊಂದಾಗಿ ಹೊರಗೆಸೆದರು.

"ಕಟ್ಟೆ ಇರ್ಲಿ" ಎಂದರು. "ಏರಿ ಎಂಗದೆಯೋ ಅಂಗೇ ಇರ್ಲಿ. ಇದರ ಮಾತು ಇನ್ ಯಾರೂ ಎತ್ತಕೂಡ್ದು."

ಅತ್ತೆ ಪಾಲು ಮಾಡಿದಳು. ಮನೆಮನೆಗೂ ಒಂದೊಂದು ಗುಡ್ಡೆ, ಸಾಹೇಬರಿಗೂ ಒಂದು. ಅಷ್ಟು ಸಾಲದೆ ಗಂಡಸರು ಇನ್ನೊಮ್ಮೆ ನೀರಿಗೆ ಇಳಿದು ಮರಿಗಳನ್ನೂ ಬಾಚಲು ಹೊರಟರು. ಹಿಂದಿನ ದಿನದವರೆಗೆ ಕೂಲಿ ಯಾರು ಕೊಡುತ್ತಾರೆ ಎಂದು ಚಿಂತಿಸುತ್ತಿದ್ದ ನನ್ನ ಅತ್ತೆ ಏರಿಯ ತುದಿಗೆ ಹೋಗಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಸಾಕು, ಮ್ಯಾಕೆ ಬನ್ರಪ್ಪ. ಮರೀ ಮುಟ್ಬ್ಯಾಡಿ. ಮುಂದ್ಲ ವರ್ಸಕ್ಕೂ ಬೇಕು, ನಂಗೆ ಮಳವಳ್ಳಿ ಸಂತೆಗೂ ಬೇಕು."

ಗದ್ದೆ ಪಾಲಿಗೆ ಆಸೆಪಟ್ಟವರೂ ಸೇರಿದಂತೆ ಎಲ್ಲರೂ ಬುಟ್ಟಿ ಕೊಡವಿ ಮೇಲೆ ಬಂದರು.